ಸೊಂಟನೋವಿನ ಲೆಕ್ಕ: ವ್ಯಾಯಾಮದ ಜೊತೆಗೆ ಒಂದಿಷ್ಟು ಸಾವಧಾನ

ಈ ಪುಟಗಳಲ್ಲಿ ನಾನು ಇದುವರೆಗೆ ಬರೆದಿರುವುದೆಲ್ಲವೂ ತೆರಿಗೆ ಮತ್ತು ಲೆಕ್ಕಪತ್ರಗಳಿಗೆ ಸಂಬಂಧಿಸಿದ ವಿಷಯಗಳೇ. ಈ ಬಾರಿ ಸೊಂಟನೋವಿನ ಬಗ್ಗೆ ಬರೆಯಹೊರಟಿರುವುದನ್ನು ಕಂಡು ಓದುಗ ಮಿತ್ರರು ಹುಬ್ಬೇರಿಸಬಹುದು. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ, ವೃತ್ತಿಯಿಂದ ಲೆಕ್ಕಪರಿಶೋಧಕ. ಆದರೆ 2017ರ ಜುಲೈಯಲ್ಲಿ ಜಿಎಸ್‌ಟಿ ಜಾರಿಗೆ ಬಂದಂದಿನಿಂದ ಸೊಂಟನೋವಿನ ಸಹವಾಸದಲ್ಲಿರುವವನು. ಆ ವರ್ಷ ದಿನಕ್ಕೆ ಹನ್ನೆರಡು ಗಂಟೆ ಕಂಪ್ಯೂಟರಿನ ಮುಂದೆ ಕುಳಿತದ್ದರ ಫಲವೆಂದು ನಾನು ಬಹಳ ಕಾಲ ಭಾವಿಸಿದ್ದೆ. ಅದು ಅರ್ಧ ಸತ್ಯ ಮಾತ್ರವೆಂದು ತಿಳಿಯಲು ಕೆಲವು ವರ್ಷಗಳೇ ಬೇಕಾದವು.

ಈ ಲೇಖನಕ್ಕೆ ಪ್ರೇರಣೆ ನನ್ನ ನೋವಲ್ಲ. ಕಳೆದ ಆಡಿಟ್ ಋತುವಿನಲ್ಲಿ, ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಬೇಳೆಕಾಳುಗಳ ಮಂಡಿ ನಡೆಸುವ ನನ್ನ ಕಕ್ಷಿದಾರರೊಬ್ಬರು ಪುಸ್ತಕಗಳನ್ನು ಹುಡುಗನ ಕೈಯಲ್ಲಿ ಕಳುಹಿಸುವ ಬದಲು ತಾವೇ ಆರ್.ಟಿ. ನಗರದ ನನ್ನ ಕಚೇರಿಗೆ ಬಂದರು. ಬಂದವರು ಕುರ್ಚಿಯಲ್ಲಿ ಕೂರದೆ ಗೋಡೆಗೆ ಒರಗಿ ನಿಂತರು. "ಆಡಿಟರ್ರೇ, ಈ ವರ್ಷದ ಲೆಕ್ಕ ಮುಗಿಸಿ ಲೈಸೆನ್ಸು ಒಪ್ಪಿಸಿಬಿಡೋಣ ಅಂತಿದೀನಿ. ಗದ್ದಿಗೆ ಮೇಲೆ ಅರ್ಧ ಗಂಟೆ ಕೂತ್ಕೊಳ್ಳೋಕೆ ಆಗ್ತಿಲ್ಲ. ಮಗ ಸಾಫ್ಟ್‌ವೇರಲ್ಲಿದಾನೆ, ಅವನು ಇದನ್ನ ಮುಟ್ಟೋಲ್ಲ" ಎಂದರು. ತಂದೆಯ ಕಾಲದಿಂದ ನಡೆದುಬಂದ ಮಂಡಿ. ನಷ್ಟವಿಲ್ಲ, ಹೇಳಿಕೊಳ್ಳುವಂತಹ ಸಾಲವಿಲ್ಲ, ಬಾಕಿಗಳು ಸಕಾಲಕ್ಕೆ ವಸೂಲಾಗುತ್ತಿವೆ. ವ್ಯವಹಾರ ಮುಚ್ಚಲು ಪಾಲುದಾರರ ಜಗಳ, ಬ್ಯಾಂಕಿನ ಒತ್ತಡ, ದಾಯಾದಿ ವ್ಯಾಜ್ಯ ಮುಂತಾದ ಕಾರಣಗಳನ್ನು ನಾನು ಕೇಳಿದ್ದೇನೆ. ಸೊಂಟದ ಕಾರಣಕ್ಕೆ ಮುಚ್ಚುವ ಮಾತನ್ನು ಕೇಳಿದ್ದು ಅದೇ ಮೊದಲು.

ಅವರ ಕೈಚೀಲದಲ್ಲಿ ಎಂಆರ್‌ಐ ಚಿತ್ರಗಳ ದೊಡ್ಡ ಲಕೋಟೆಯಿತ್ತು. ಅದನ್ನು ನನ್ನ ಮೇಜಿನ ಮೇಲೆ ಹರಡಿ, ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಅದೇ ಸಾಲು, ಬಹುತೇಕ ಅದೇ ಪದಗಳಲ್ಲಿ, ನನ್ನ ವರದಿಯಲ್ಲಿಯೂ ಇತ್ತು.

ಸವಕಳಿಯ ಮಾತು

ಕೆಳಬೆನ್ನಿನ ನೋವು ಹನ್ನೆರಡು ವಾರಗಳಿಗಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲೀನ ಎಂದು ವೈದ್ಯಶಾಸ್ತ್ರ ಪರಿಗಣಿಸುತ್ತದೆ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರು ಸೊಂಟನೋವಿನಿಂದ ಬಳಲುತ್ತಿದ್ದರೆಂದೂ, 2050ರ ವೇಳೆಗೆ ಈ ಸಂಖ್ಯೆ 84.3 ಕೋಟಿಗೆ ಏರಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಅದೇ ಸಂಸ್ಥೆಯ ಪ್ರಕಾರ ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ 'ಇಂತಹುದೇ ಅಂಗರಚನೆಯ ದೋಷದಿಂದ ನೋವು ಬಂದಿದೆ' ಎಂದು ಖಚಿತವಾಗಿ ಹೇಳಲು ಬರುವುದಿಲ್ಲ.

ಹಾಗಾದರೆ ಎಂಆರ್‌ಐ ವರದಿಯಲ್ಲಿ ಕಾಣುವ ಡಿಸ್ಕ್ ಸವೆತ, ಡಿಸ್ಕ್ ಉಬ್ಬು ಇವುಗಳ ಅರ್ಥವೇನು? 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಈ ಪ್ರಶ್ನೆಗೆ ಸ್ವಾರಸ್ಯಕರ ಉತ್ತರ ನೀಡಿತು. ಬೆನ್ನುನೋವೇ ಇಲ್ಲದ 3,110 ಜನರ ಬೆನ್ನುಮೂಳೆಯ ಚಿತ್ರಗಳ ಮಾಹಿತಿಯನ್ನು ಅನೇಕ ಅಧ್ಯಯನಗಳಿಂದ ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತರ ಹರೆಯದವರಲ್ಲಿಯೇ ಶೇ. 37 ಮಂದಿಯ ಡಿಸ್ಕುಗಳು ಸವೆದಿದ್ದವು. ಐವತ್ತು ವರ್ಷ ವಯಸ್ಸಿನವರಲ್ಲಿ ಈ ಪ್ರಮಾಣ ಶೇ. 80, ಡಿಸ್ಕ್ ಉಬ್ಬಿದ್ದವರು ಶೇ. 60. ಇವರಾರಿಗೂ ನೋವಿರಲಿಲ್ಲ ಎಂಬುದನ್ನು ಮತ್ತೊಮ್ಮೆ ಗಮನಿಸಬೇಕು.

ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮದೇ ಸವಕಳಿಯ ಕೋಷ್ಟಕ. ಪೀಣ್ಯದ ವರ್ಕ್‌ಶಾಪಿನಲ್ಲಿರುವ ಲೇತ್ ಯಂತ್ರದ ಮೇಲೆ ವರ್ಷವರ್ಷವೂ ಸವಕಳಿ ಬರೆಯುತ್ತೇವೆ. ಪುಸ್ತಕದಲ್ಲಿ ಅದರ ಬೆಲೆ ಸೊನ್ನೆಯ ಸಮೀಪಕ್ಕೆ ಬಂದಿರುತ್ತದೆ. ಯಂತ್ರವಾದರೋ ದಿನವೂ ಎರಡು ಪಾಳಿ ಓಡುತ್ತಲೇ ಇರುತ್ತದೆ. ಪುಸ್ತಕದ ಬೆಲೆಯನ್ನು ನೋಡಿ ಯಾವ ಮಾಲೀಕನೂ ಯಂತ್ರವನ್ನು ಗುಜರಿಗೆ ಹಾಕುವುದಿಲ್ಲ. ಬೆನ್ನಿನ ವಿಷಯದಲ್ಲಿ ಮಾತ್ರ ನಾವು ಅದನ್ನೇ ಮಾಡುತ್ತೇವೆ.

ನಾನೂ ಮಾಡಿದೆ. ವರದಿ ಕೈಗೆ ಬಂದ ದಿನದಿಂದ ಬಗ್ಗುವುದನ್ನು ಬಿಟ್ಟೆ. ನೀರಿನ ಕ್ಯಾನು ಎತ್ತುವುದನ್ನು ಬಿಟ್ಟೆ. ಯಲಹಂಕದ ಕಕ್ಷಿದಾರರಲ್ಲಿಗೆ ಸ್ಕೂಟರಿನಲ್ಲಿ ಹೋಗುವುದನ್ನು ಬಿಟ್ಟೆ. ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯಲ್ಲಿ ಕಾರಿನೊಳಗೆ ಮುಕ್ಕಾಲು ಗಂಟೆ ಕೂರುವುದು ಸ್ಕೂಟರಿಗಿಂತ ಹೆಚ್ಚು ನೋವುಂಟುಮಾಡುತ್ತದೆಂಬುದು ಗಮನಕ್ಕೆ ಬಂದದ್ದು ಆಮೇಲೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಗಳಿಗೆ ಕರೆದರೆ ಚಾಪೆಯ ಮೇಲೆ ಕೂರಲಾಗದೆಂದು ನೆಪ ಹೇಳಿ ತಪ್ಪಿಸಿಕೊಂಡೆ. ಸೊಂಟಕ್ಕೆ ಬೆಲ್ಟು ಕಟ್ಟಿದೆ. ಒಂದು ಚಿಕಿತ್ಸಾಲಯದಲ್ಲಿ ಹತ್ತು ದಿನ ತೂಕ ಕಟ್ಟಿ ಎಳೆಸಿಕೊಂಡೆ. ಊರಿನ ಕಡೆಯವರೊಬ್ಬರ ಒತ್ತಾಯಕ್ಕೆ, ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡದ್ದೂ ಉಂಟು. ಅದಕ್ಕೆ ಖರ್ಚಾಗಲಿಲ್ಲವೆಂಬುದಷ್ಟೇ ಸಮಾಧಾನ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೀರ್ಘಕಾಲೀನ ಸೊಂಟನೋವಿನ ಶಸ್ತ್ರಚಿಕಿತ್ಸೆಯೇತರ ನಿರ್ವಹಣೆಗೆ ಮಾರ್ಗಸೂಚಿ ಹೊರಡಿಸಿತು. ಬೆಲ್ಟು ಮತ್ತು ಎಳೆತ ಇವೆರಡನ್ನೂ ವಾಡಿಕೆಯಾಗಿ ನೀಡಬಾರದ ಚಿಕಿತ್ಸೆಗಳ ಪಟ್ಟಿಯಲ್ಲಿ ಅದು ಸೇರಿಸಿದೆ.

ನೋವಿನ ಭಯದಿಂದ ಚಲನೆ ಕಡಿಮೆಯಾಗುತ್ತದೆ. ಚಲನೆ ಕಡಿಮೆಯಾದಂತೆ ಸ್ನಾಯುಗಳು ಕ್ಷೀಣಿಸುತ್ತವೆ. ಕ್ಷೀಣಿಸಿದ ಸ್ನಾಯು ಸಣ್ಣ ಕೆಲಸಕ್ಕೂ ನೋಯುತ್ತದೆ. ಆ ನೋವು ಭಯವನ್ನು ಮತ್ತಷ್ಟು ಬಲಪಡಿಸುತ್ತದೆ. ಚಕ್ರಬಡ್ಡಿಯ ಲೆಕ್ಕ ಬಲ್ಲ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ಚಕ್ರವನ್ನು ಮುರಿಯಬೇಕಾದದ್ದು ವ್ಯಾಯಾಮ.

ಕಪಾಟಿನಲ್ಲಿ ಉಳಿಯುವ ವ್ಯಾಯಾಮದ ಹಾಳೆ

ಫಿಸಿಯೋಥೆರಪಿಗೆ ಹೋದವರೆಲ್ಲರ ಮನೆಯಲ್ಲಿಯೂ ಒಂದು ಹಾಳೆ ಇರುತ್ತದೆ. ಬೆನ್ನ ಮೇಲೆ ಮಲಗಿ ಮಂಡಿ ಮಡಿಸಿ ಸೊಂಟವನ್ನು ಮೇಲೆತ್ತುವುದು, ಅಂಬೆಗಾಲಿನ ಭಂಗಿಯಲ್ಲಿ ಬೆನ್ನನ್ನು ಬೆಕ್ಕಿನಂತೆ ಬಾಗಿಸುವುದು, ಅದೇ ಭಂಗಿಯಲ್ಲಿ ಒಂದು ಕೈ ಮತ್ತು ಎದುರುಬದಿಯ ಕಾಲನ್ನು ಚಾಚುವುದು. ತಲಾ ಹತ್ತು ಬಾರಿ, ದಿನಕ್ಕೆ ಎರಡು ಸಲ. ನನ್ನ ಹಾಳೆ ಮೂರನೆಯ ವಾರ ಕಪಾಟು ಸೇರಿತು. ವಿಚಾರಿಸಿದ ಮೇಲೆ ತಿಳಿಯಿತು, ಮಂಡಿಯ ಮಾಲೀಕರ ಹಾಳೆ ಎರಡನೆಯ ವಾರವೇ ಸೇರಿತ್ತು.

ಏಕೆ ನಿಲ್ಲುತ್ತದೆ? ಸೋಮಾರಿತನವೆಂದು ಮನೆಯವರು ಹೇಳುತ್ತಾರೆ. ಅದೊಂದೇ ಕಾರಣವಲ್ಲ. ವ್ಯಾಯಾಮ ಮಾಡಿದ ದಿನ ಸ್ವಲ್ಪ ಹೆಚ್ಚು ನೋಯುತ್ತದೆ. 'ಎಲ್ಲೋ ಡಿಸ್ಕು ಜಾರಿತು' ಎಂಬ ಗಾಬರಿಯಲ್ಲಿ ಬಿಡುತ್ತೇವೆ. ನೋವು ಕಡಿಮೆಯಿದ್ದ ದಿನ ವ್ಯಾಯಾಮದ ನೆನಪೇ ಬರುವುದಿಲ್ಲ. ಮಾಡುವಾಗಲೂ ಮೈ ನೆಲದ ಮೇಲಿರುತ್ತದೆ, ಮನಸ್ಸು ಇಲಾಖೆಯ ನೋಟಿಸಿನ ಮೇಲಿರುತ್ತದೆ. ಉಸಿರು ಹಿಡಿದು, ಹಲ್ಲು ಕಚ್ಚಿ ಎಣಿಕೆ ಮುಗಿಸುತ್ತೇವೆ. ನನಗೆ ನಂತರ ದೊರೆತ ಫಿಸಿಯೋಥೆರಪಿಸ್ಟ್ ಮಗಳ ವಯಸ್ಸಿನ ಹೆಣ್ಣುಮಗಳು. ನಾನು ವ್ಯಾಯಾಮ ಮಾಡುವುದನ್ನು ಎರಡು ನಿಮಿಷ ನೋಡಿ, "ಸರ್, ನೀವು ಎಕ್ಸರ್‌ಸೈಜ್ ಮಾಡ್ತಿಲ್ಲ, ಗುದ್ದಾಡ್ತಿದೀರ" ಎಂದಳು. ನಂತರ ವ್ಯಾಯಾಮವನ್ನು ಬದಿಗಿರಿಸಿ, ಹತ್ತು ನಿಮಿಷ ಸುಮ್ಮನೆ ಮಲಗಿ, ಕಾಲಬೆರಳಿನಿಂದ ತಲೆಯವರೆಗೆ ಒಂದೊಂದೇ ಭಾಗದಲ್ಲಿ ಏನು ಅನುಭವವಾಗುತ್ತಿದೆಯೋ ಅದನ್ನು ಬದಲಿಸಲು ಹೋಗದೆ ಗಮನಿಸುವಂತೆ ಹೇಳಿದಳು.

ಇದೇ ಈಗ ಮೈಂಡ್‌ಫುಲ್‌ನೆಸ್ ಎಂದು ಪ್ರಚಲಿತವಾಗಿರುವ ಸಾವಧಾನದ ಅಭ್ಯಾಸ. ಐವತ್ತು ದಾಟಿದ ಲೆಕ್ಕಪರಿಶೋಧಕನಿಗೆ ಸಹಜವಾಗಿಯೇ ಇದೊಂದು ಫ್ಯಾಷನ್ ಎನಿಸಿತು. ಅನುಮಾನಿಸುವುದು ನಮ್ಮ ವೃತ್ತಿಧರ್ಮ. ಹಾಗಾಗಿ ಇದರ ಮೂಲದ ದಾಖಲೆಗಳನ್ನು ಹುಡುಕಹೊರಟೆ.

ರಂಗೂನಿನ ಅಕೌಂಟೆಂಟ್ ಜನರಲ್

ಸಿಕ್ಕಿದ್ದು ಅನಿರೀಕ್ಷಿತ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಎಂಬ ವಿಜ್ಞಾನಿ 1979ರಲ್ಲಿ ಒಂದು ತರಬೇತಿಯನ್ನು ಆರಂಭಿಸಿದರು. ಬೇರೆ ಚಿಕಿತ್ಸೆಗಳಿಂದ ಫಲ ಕಾಣದ ನೋವಿನ ರೋಗಿಗಳು ಅದರ ಮೊದಲ ವಿದ್ಯಾರ್ಥಿಗಳಲ್ಲಿದ್ದರು. 1982ರಲ್ಲಿ ಅಂತಹ 51 ರೋಗಿಗಳ ಫಲಿತಾಂಶವನ್ನು ಅವರು ಪ್ರಕಟಿಸಿದರು. ಅದರಲ್ಲಿ ಕುಳಿತು ಮಾಡುವ ಧ್ಯಾನ, ದೇಹದ ಅಂಗಾಂಗಗಳ ಅವಲೋಕನ ಮತ್ತು ಸರಳ ಯೋಗಾಸನಗಳು ಸೇರಿದ್ದವು. ಝೆನ್ ಸಂಪ್ರದಾಯದ ಜೊತೆಗೆ ವಿಪಶ್ಯನವೂ ಅದರ ಮೂಲಗಳಲ್ಲೊಂದು.

ವಿಪಶ್ಯನವನ್ನು ಭಾರತಕ್ಕೆ ಮರಳಿ ತಂದ ಎಸ್.ಎನ್. ಗೋಯೆಂಕಾ ಅವರು ಬರ್ಮಾದಲ್ಲಿ ನೆಲೆಸಿದ್ದ ಮಾರ್ವಾಡಿ ಕುಟುಂಬದ ಉದ್ಯಮಿ. ತೀವ್ರವಾದ ಮೈಗ್ರೇನ್ ತಲೆನೋವಿಗೆ ಮಾರ್ಫಿನ್ ತೆಗೆದುಕೊಳ್ಳಬೇಕಾದ ಸ್ಥಿತಿಯಲ್ಲಿ, 1955ರಲ್ಲಿ ಅವರು ರಂಗೂನಿನ ಸಯಾಜಿ ಊ ಬಾ ಖಿನ್ ಅವರ ಬಳಿ ಹೋದರು. ಕೇವಲ ತಲೆನೋವು ವಾಸಿ ಮಾಡಿಕೊಳ್ಳಲು ಬಂದವರಿಗೆ ಕಲಿಸುವುದಿಲ್ಲವೆಂದು ಗುರುಗಳು ಮೊದಲು ನಿರಾಕರಿಸಿದ್ದರು. ಈ ಊ ಬಾ ಖಿನ್ ಯಾರೆಂದರೆ, 1948ರಲ್ಲಿ ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್ ಆದವರು! ತಮ್ಮ ಕಚೇರಿಯ ಸಿಬ್ಬಂದಿಗೂ ಅವರು ಧ್ಯಾನ ಕಲಿಸುತ್ತಿದ್ದರು. ವ್ಯಾಪಾರಿಯೊಬ್ಬ ನೋವು ತಾಳಲಾರದೆ ಲೆಕ್ಕಪತ್ರದ ಅಧಿಕಾರಿಯ ಬಳಿಗೆ ಹೋದ ಈ ಪ್ರಸಂಗವನ್ನು ಓದಿದ ಮೇಲೆ ನನ್ನ ಅನುಮಾನ ತುಸು ಸಡಿಲವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಇದೇ ಪರಂಪರೆಯ ಕೇಂದ್ರ ನಮ್ಮ ಬೆಂಗಳೂರು ಉತ್ತರ ತಾಲ್ಲೂಕಿನಲ್ಲಿಯೇ ಇದೆ. ತುಮಕೂರು ರಸ್ತೆಯಿಂದ ಒಳಕ್ಕೆ, ದಾಸನಪುರ ಹೋಬಳಿಯ ಆಲೂರಿನಲ್ಲಿರುವ ಧಮ್ಮ ಪಫುಲ್ಲದಲ್ಲಿ ಹತ್ತು ದಿನಗಳ ಶಿಬಿರಗಳು ನಡೆಯುತ್ತವೆ, ಶುಲ್ಕವಿಲ್ಲ. ಆದರೆ ಸೊಂಟನೋವಿದೆಯೆಂದು ಯಾರೂ ನೇರವಾಗಿ ಅಲ್ಲಿಗೆ ಹೊರಡಬಾರದು. ದಿನವಿಡೀ ಕುಳಿತು ಧ್ಯಾನ ಮಾಡುವ ಆ ಶಿಬಿರ ಚಿಕಿತ್ಸೆಯಲ್ಲ, ಹಾಗೆಂದು ಅಲ್ಲಿಯವರು ಹೇಳಿಕೊಳ್ಳುವುದೂ ಇಲ್ಲ. ನಾವು ಮಾತನಾಡುತ್ತಿರುವುದು ಫಿಸಿಯೋಥೆರಪಿಯ ಜೊತೆಗೆ ದಿನಕ್ಕೆ ಹತ್ತು-ಹದಿನೈದು ನಿಮಿಷ ಮಾಡಬಹುದಾದ ಅಭ್ಯಾಸದ ಬಗ್ಗೆ.

ಪುರಾವೆಗಳು ಏನು ಹೇಳುತ್ತವೆ

ನಮ್ಮ ನಗರದ ಹೊರವಲಯದಲ್ಲಿಯೇ ನಡೆದ ಒಂದು ಅಧ್ಯಯನದಿಂದ ಆರಂಭಿಸುತ್ತೇನೆ. ಆನೇಕಲ್ ತಾಲ್ಲೂಕಿನ ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಸಂಸ್ಥೆಯ ಪದ್ಮಿನಿ ತೇಕೂರ್, ಎಚ್.ಆರ್. ನಾಗೇಂದ್ರ, ಆರ್. ನಾಗರತ್ನ ಮತ್ತು ಸಂಗಡಿಗರು ದೀರ್ಘಕಾಲೀನ ಸೊಂಟನೋವಿನ 80 ಒಳರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಒಂದು ವಾರ ಬೆನ್ನಿಗೆ ತಕ್ಕ ಆಸನ, ಪ್ರಾಣಾಯಾಮ, ಧ್ಯಾನ ಮತ್ತು ಉಪನ್ಯಾಸ. ಇನ್ನೊಂದು ಗುಂಪಿಗೆ ಅಷ್ಟೇ ಅವಧಿಯ ದೈಹಿಕ ವ್ಯಾಯಾಮ. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬೆನ್ನಿನ ಬಾಗುವಿಕೆ ಎರಡೂ ಗುಂಪುಗಳಲ್ಲಿ ಸುಧಾರಿಸಿತು. ಆದರೆ ದೈನಂದಿನ ಕೆಲಸಗಳಿಗೆ ನೋವಿನಿಂದಾಗುವ ಅಡಚಣೆ ಯೋಗದ ಗುಂಪಿನಲ್ಲಿ ಗಣನೀಯವಾಗಿ ಹೆಚ್ಚು ಇಳಿಯಿತು. 2012ರ ಮುಂದಿನ ವರದಿಯಲ್ಲಿ ಆತಂಕ ಮತ್ತು ಖಿನ್ನತೆಗಳೂ ಅದೇ ಗುಂಪಿನಲ್ಲಿ ಹೆಚ್ಚು ತಗ್ಗಿದ್ದವು. ಮೈಗೆ ನೀಡಿದ ವ್ಯಾಯಾಮದ ಜೊತೆಗೆ ಮನಸ್ಸಿಗೂ ಏನನ್ನಾದರೂ ನೀಡಿದಾಗ ಲಾಭ ಹೆಚ್ಚೆಂಬುದು ಇದರ ತಾತ್ಪರ್ಯ.

ಲೆಕ್ಕಪರಿಶೋಧಕನಾಗಿ ಎರಡು ಟಿಪ್ಪಣಿಗಳನ್ನು ಸೇರಿಸಲೇಬೇಕು. ಅವಧಿ ಒಂದೇ ವಾರ. ಮನೆಯ, ಅಂಗಡಿಯ ತಾಪತ್ರಯಗಳಿಲ್ಲದ ಆಶ್ರಮದ ವಾತಾವರಣ. ಎರಡನೆಯದಾಗಿ, ಯೋಗವನ್ನು ಕಲಿಸುವ ಸಂಸ್ಥೆಯೇ ಅದರ ಫಲವನ್ನು ಅಳೆದಿದೆ. ಇದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ. ಹೊರಗಿನ ಇನ್ನೊಂದು ಪರಿಶೀಲನೆ ಬೇಕಾಗುತ್ತದೆ, ಅಷ್ಟೇ.

ಅಂತಹ ಪರಿಶೀಲನೆ ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ನಡೆಯಿತು. ಡೇನಿಯಲ್ ಚರ್ಕಿನ್ ಮತ್ತು ಸಂಗಡಿಗರು 20ರಿಂದ 70 ವರ್ಷ ವಯಸ್ಸಿನ 342 ಸೊಂಟನೋವಿನ ರೋಗಿಗಳನ್ನು ಮೂರು ಗುಂಪು ಮಾಡಿದರು: ಕಬಟ್-ಜಿನ್ ಮಾದರಿಯ ಎಂಟು ವಾರಗಳ ಸಾವಧಾನ ತರಬೇತಿ, ಅರಿವು-ವರ್ತನೆ ಚಿಕಿತ್ಸೆ ಎಂಬ ಮನಶ್ಶಾಸ್ತ್ರೀಯ ಪದ್ಧತಿ ಮತ್ತು ಎಂದಿನ ಚಿಕಿತ್ಸೆ. 2016ರಲ್ಲಿ ಪ್ರಕಟವಾದ ವರದಿಯಂತೆ 26 ವಾರಗಳ ನಂತರ ದೈನಂದಿನ ಚಟುವಟಿಕೆಗಳಲ್ಲಿ ಗಮನಾರ್ಹ ಸುಧಾರಣೆ ಕಂಡವರ ಪ್ರಮಾಣ ಅನುಕ್ರಮವಾಗಿ ಶೇ. 60.5, ಶೇ. 57.7 ಮತ್ತು ಶೇ. 44.1. ಅಂದರೆ ಎಂದಿನ ಚಿಕಿತ್ಸೆಯಲ್ಲಿದ್ದವರಲ್ಲಿಯೂ ನೂರಕ್ಕೆ 44 ಮಂದಿ ಚೇತರಿಸಿಕೊಂಡರು. ಸಾವಧಾನದ ತರಬೇತಿ ಅದಕ್ಕೆ ಸುಮಾರು 16 ಮಂದಿಯನ್ನು ಸೇರಿಸಿತು. ಇದು ನಿವ್ವಳ ಲಾಭ. ಸಣ್ಣದಲ್ಲ, ಪವಾಡವೂ ಅಲ್ಲ. ಎಂಟು ತರಗತಿಗಳಲ್ಲಿ ಆರಕ್ಕಾದರೂ ಹಾಜರಾದವರು ಅರ್ಧದಷ್ಟು ಜನ ಮಾತ್ರ ಎಂಬುದನ್ನೂ ಸೇರಿಸಿ ಓದಿಕೊಳ್ಳಬೇಕು. ಹಾಳೆ ಕಪಾಟು ಸೇರುವ ಕಾಯಿಲೆ ಸಿಯಾಟಲ್‌ನಲ್ಲಿಯೂ ಇದೆ.

2017ರಲ್ಲಿ ಅಮೆರಿಕದ ವೈದ್ಯರ ಕಾಲೇಜು ಹೊರಡಿಸಿದ ಮಾರ್ಗಸೂಚಿಯು ದೀರ್ಘಕಾಲೀನ ಸೊಂಟನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗ, ಸಾವಧಾನ ತರಬೇತಿ ಮುಂತಾದವನ್ನು ಪ್ರಯತ್ನಿಸಬೇಕೆಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಇನ್ನಷ್ಟು ಬಿಗಿ: ತಿಳಿವಳಿಕೆ, ವ್ಯಾಯಾಮ ಮತ್ತು ಅರಿವು-ವರ್ತನೆ ಚಿಕಿತ್ಸೆಯನ್ನು ಅದು ಶಿಫಾರಸು ಮಾಡಿದೆ, ಸಾವಧಾನ ತರಬೇತಿಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಶಿಫಾರಸು ಮಾಡಿಲ್ಲ. ಹೀಗಾಗಿ ನನ್ನ ಅಭಿಪ್ರಾಯವಿಷ್ಟು: ಬಂಡವಾಳ ವ್ಯಾಯಾಮವೇ. ಆ ಬಂಡವಾಳ ನಿಂತುಹೋಗದೆ ಓಡಾಡುವಂತೆ ಮಾಡುವುದು ಸಾವಧಾನದ ಕೆಲಸ. ಒಂದನ್ನು ಬಿಟ್ಟು ಇನ್ನೊಂದನ್ನು ಮಾರುವವರ ಬಗ್ಗೆ ಎಚ್ಚರವಿರಲಿ.

ಎರಡನ್ನೂ ಕೂಡಿಸಿದ ಬಗೆ

ನನ್ನ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಕ್ರಮ ಸರಳ. ಬೆಳಿಗ್ಗೆ ಹತ್ತು ನಿಮಿಷ ಮಲಗಿ ಮೈಯ ಅವಲೋಕನ. ನೋವಿರುವ ಜಾಗಕ್ಕೆ ಗಮನ ಬಂದಾಗ ಅದಕ್ಕೆ 'ಡಿಸ್ಕು' ಎಂದು ಹೆಸರಿಡದೆ, ಅದು ಉರಿಯೇ, ಸೆಳೆತವೇ, ಬಿಗಿತವೇ, ಎಷ್ಟು ಅಗಲ, ಉಸಿರಿನೊಡನೆ ಬದಲಾಗುತ್ತದೆಯೇ ಎಂದು ನೋಡುವುದು. ಮನಸ್ಸು ನೋಟಿಸಿನ ಕಡೆಗೆ ಓಡಿದರೆ ಬೈಯ್ಯದೆ ಮರಳಿ ಕರೆತರುವುದು. ಆಮೇಲೆ ಹಾಳೆಯಲ್ಲಿದ್ದ ಅದೇ ಹಳೆಯ ವ್ಯಾಯಾಮಗಳು. ಆದರೆ ಎಣಿಕೆಯ ಬದಲು ಉಸಿರಿನ ಲೆಕ್ಕ. ಸೊಂಟ ಎತ್ತುವಾಗ ಉಸಿರು ಬಿಡುವುದು, ಇಳಿಸುವಾಗ ತೆಗೆದುಕೊಳ್ಳುವುದು. ಉಸಿರು ಕಟ್ಟಿತೆಂದರೆ ಭಾರ ಹೆಚ್ಚಾಯಿತೆಂದೇ ಅರ್ಥ, ಅಲ್ಲಿಗೆ ನಿಲ್ಲಿಸಬೇಕು. ಇಪ್ಪತ್ತು ನಿಮಿಷಗಳಲ್ಲಿ ಎರಡೂ ಮುಗಿಯುತ್ತವೆ.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲು ಕಲಿಸಿದಳು. ವ್ಯಾಯಾಮದಿಂದ ಅಂಕ ಒಂದೆರಡು ಏರಿ, ಮಾರನೆಯ ದಿನದೊಳಗೆ ಮೊದಲಿನ ಸ್ಥಿತಿಗೆ ಇಳಿದರೆ ಹೆದರಬೇಕಾಗಿಲ್ಲ; ಮುಂದುವರಿಸಬಹುದು. ಅದಕ್ಕಿಂತ ಹೆಚ್ಚು ಏರಿದರೆ ಅಥವಾ ಇಳಿಯದಿದ್ದರೆ ಪ್ರಮಾಣವನ್ನು ಕಡಿಮೆ ಮಾಡಬೇಕು, ಪೂರ್ತಿ ಬಿಡಬಾರದು. ನೋವು ಬೇರೆ, ಹಾನಿ ಬೇರೆ ಎಂಬುದು ಓದಿದಾಗ ತಲೆಗೆ ಹೋಗಿತ್ತು. ಈ ಅಂಕಗಳನ್ನು ತಿಂಗಳುಗಟ್ಟಲೆ ಬರೆದ ಮೇಲೆ ಸೊಂಟಕ್ಕೂ ಹೋಯಿತು.

ಬರೆಯುವುದು ನಮ್ಮ ಕಸುಬಾದ್ದರಿಂದ ನಾನು ಅದಕ್ಕೊಂದು ಖಾತೆಯನ್ನೇ ತೆರೆದೆ. ದಿನಾಂಕ, ವ್ಯಾಯಾಮದ ನಿಮಿಷ, ಮೊದಲಿನ ಅಂಕ, ನಂತರದ ಅಂಕ, ಷರಾ. ಐದು ತಿಂಗಳ ಬಳಿಕ ಖಾತೆಯನ್ನು ಹರಡಿ ನೋಡಿದಾಗ ನನಗೇ ಆಶ್ಚರ್ಯ ಕಾದಿತ್ತು. ನೋವು ಹೆಚ್ಚಾದ ದಿನಗಳು ವ್ಯಾಯಾಮ ಮಾಡಿದ ದಿನಗಳಾಗಿರಲಿಲ್ಲ. ಹತ್ತು ಮತ್ತು ಹನ್ನೊಂದನೆಯ ತಾರೀಖು, ಹತ್ತೊಂಬತ್ತು ಮತ್ತು ಇಪ್ಪತ್ತನೆಯ ತಾರೀಖು. ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಸುವ ಗಡುವುಗಳು! ಆ ದಿನಗಳಲ್ಲಿ ಕುಳಿತ ಗಂಟೆಗಳು ಹೆಚ್ಚು ಎಂಬುದು ನಿಜ. ಆದರೆ ಬೇರೆ ದಿನ ಅಷ್ಟೇ ಗಂಟೆ ಕುಳಿತಾಗ ಅಷ್ಟು ನೋವು ಬಂದಿರಲಿಲ್ಲ. ಗಡುವಿನ ದಿನ ನಾನು ಭುಜ ಬಿಗಿದು, ಉಸಿರು ಮೇಲೆ ಹಿಡಿದು ಕೂರುತ್ತಿದ್ದೆನೆಂಬುದು ಗಮನಿಸಲು ಕಲಿತ ಮೇಲಷ್ಟೇ ತಿಳಿಯಿತು. ಇನ್ನೊಂದು ಸಂಗತಿ: ನೋವು ತೀರ ಕಡಿಮೆಯಿದ್ದ ಭಾನುವಾರಗಳಲ್ಲಿ ಬಾಕಿ ಬಿದ್ದ ಮನೆಕೆಲಸವನ್ನೆಲ್ಲ ಒಮ್ಮೆಲೇ ಮಾಡಿ, ಸೋಮವಾರ ಮಂಗಳವಾರ ಮಲಗಿದ್ದೂ ಖಾತೆಯಲ್ಲಿ ಸ್ಪಷ್ಟವಾಗಿ ದಾಖಲಾಗಿತ್ತು.

ನಡಿಗೆಯ ಬಗ್ಗೆಯೂ ಒಂದು ಮಾತು. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು ಸೊಂಟನೋವಿನಿಂದ ಚೇತರಿಸಿಕೊಂಡ 701 ಜನರನ್ನು ಅಧ್ಯಯನ ಮಾಡಿ 2024ರಲ್ಲಿ ವರದಿ ನೀಡಿದರು. ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಂಡವರಲ್ಲಿ ನೋವು ಮರುಕಳಿಸುವವರೆಗಿನ ಮಧ್ಯಾಂಕ ಅವಧಿ 208 ದಿನ. ಉಳಿದವರಲ್ಲಿ 112 ದಿನ. ಹೆಬ್ಬಾಳ ಕೆರೆಯ ಬಳಿಯೋ ಯಲಹಂಕದಲ್ಲೋ ಮುಂಜಾನೆ ನಡೆಯಲು ಯಾವ ಬಂಡವಾಳವೂ ಬೇಡ.

ಯಾವಾಗ ಕಾಯಬಾರದು

ಮೇಲಿನದೆಲ್ಲವೂ ವೈದ್ಯರು ಒಮ್ಮೆ ಪರೀಕ್ಷಿಸಿ ಅಪಾಯವಿಲ್ಲವೆಂದು ಹೇಳಿದ ನಂತರದ ಮಾತು. ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿನಲ್ಲಿ ಅಥವಾ ಗುದದ ಸುತ್ತ ಮರಗಟ್ಟುವುದು, ಕಾಲಿನ ಬಲ ಕುಂದುತ್ತಾ ಹೋಗುವುದು ಇವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಗಂಟೆಗಳ ವಿಳಂಬವೂ ಶಾಶ್ವತ ಹಾನಿಗೆ ಕಾರಣವಾಗಬಹುದು. ಬಿದ್ದು ಪೆಟ್ಟಾದ ನಂತರದ ನೋವು, ಜ್ವರದೊಡನೆ ಬರುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದವರ ಬೆನ್ನುನೋವು ಇವುಗಳನ್ನು ಧ್ಯಾನದಿಂದ ಗಮನಿಸುತ್ತಾ ಕೂರುವಂತಿಲ್ಲ.

ಖರ್ಚಿನ ಬಾಬತ್ತು

ಆರೋಗ್ಯ ವಿಮೆಯ ಸಾಮಾನ್ಯ ಪಾಲಿಸಿಗಳು ಒಳರೋಗಿಯಾಗಿ ದಾಖಲಾದರೆ ಹಣ ಕೊಡುತ್ತವೆ. ಹೊರರೋಗಿಯಾಗಿ ಪಡೆಯುವ ಫಿಸಿಯೋಥೆರಪಿಗೆ ಬಹುತೇಕ ಕೊಡುವುದಿಲ್ಲ. ಶಸ್ತ್ರಚಿಕಿತ್ಸೆಯ ಲಕ್ಷಗಳು ವಿಮೆಯಿಂದ ಬರುತ್ತವೆ, ವ್ಯಾಯಾಮ ಕಲಿಸುವ ಕೆಲವು ಸಾವಿರಗಳು ಸ್ವಂತ ಜೇಬಿನಿಂದ ಹೋಗುತ್ತವೆ. ಈ ವಿಚಿತ್ರ ಲೆಕ್ಕಾಚಾರ ಎಷ್ಟು ಜನರನ್ನು ಶಸ್ತ್ರಚಿಕಿತ್ಸೆಯ ಕಡೆಗೆ ತಳ್ಳುತ್ತದೋ ದೇವರೇ ಬಲ್ಲ. ಪಾಲಿಸಿ ನವೀಕರಿಸುವ ಮುನ್ನ ಹೊರರೋಗಿ ಸೌಲಭ್ಯದ ಷರತ್ತನ್ನು ಓದಿಕೊಳ್ಳುವುದೊಳಿತು.

ಕಾರ್ಮಿಕರ ವಿಷಯದಲ್ಲಿ, ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ಚಿಕಿತ್ಸೆಯ ಜೊತೆಗೆ, ಅರ್ಹತೆಗೆ ಒಳಪಟ್ಟು, ಅನಾರೋಗ್ಯದ ಅವಧಿಗೆ ವೇತನದ ಶೇ. 70ರಷ್ಟು ಭತ್ಯೆ ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಇದನ್ನು ಕಾರ್ಮಿಕರಿಗೆ ತಿಳಿಸುವುದು ನಮ್ಮ ಕರ್ತವ್ಯ. ಆದರೆ ಸೊಂಟ ಹಿಡಿಯಿತೆಂದ ನೌಕರನನ್ನು 'ಪೂರ್ತಿ ವಾಸಿಯಾದ ಮೇಲೆ ಬಾ' ಎಂದು ತಿಂಗಳುಗಟ್ಟಲೆ ಮನೆಗೆ ಕಳುಹಿಸುವುದು ಉಪಕಾರವಲ್ಲ. ದೀರ್ಘ ವಿಶ್ರಾಂತಿಯಿಂದ ನೋವು ಇನ್ನಷ್ಟು ಬೇರೂರುತ್ತದೆ. ವೈದ್ಯರ ಸಲಹೆ ಪಡೆದು ಹಗುರವಾದ ಕೆಲಸಕ್ಕೆ, ಅರ್ಧ ದಿನಕ್ಕಾದರೂ, ಬೇಗ ಕರೆಸಿಕೊಳ್ಳುವುದು ಅವನಿಗೂ ಘಟಕಕ್ಕೂ ಹಿತ.

ಮತ್ತೆ ಯಾರ್ಡಿಗೆ

ಮಂಡಿಯ ಮಾಲೀಕರನ್ನು ಅಂದು ನನ್ನ ಫಿಸಿಯೋಥೆರಪಿಸ್ಟ್ ಬಳಿಗೆ ಕಳುಹಿಸಿದೆ. ಲೈಸೆನ್ಸ್ ಒಪ್ಪಿಸುವ ಅರ್ಜಿಯನ್ನು ಮೂರು ತಿಂಗಳು ಮುಂದೂಡಲು ಕೇಳಿಕೊಂಡೆ. ಮೊದಲ ತಿಂಗಳು "ಮಲಗಿಸಿ ಉಸಿರು ನೋಡು ಅಂತಾಳಲ್ಲಾ ಆಡಿಟರ್ರೇ, ಇದಕ್ಕೂ ಫೀಸಾ?" ಎಂದು ಫೋನಿನಲ್ಲಿ ಗೊಣಗಿದರು. ಎರಡನೆಯ ತಿಂಗಳು ಫೋನು ಬರಲಿಲ್ಲ. ಮೂರನೆಯ ತಿಂಗಳು ನಾನೇ ಯಾರ್ಡಿಗೆ ಹೋದೆ. ಗದ್ದಿಗೆಯ ಪಕ್ಕದಲ್ಲಿ ಎತ್ತರದ ಕುರ್ಚಿ ಬಂದಿತ್ತು. ಅರ್ಧ ಗಂಟೆಗೊಮ್ಮೆ ಎದ್ದು ಸಾಲಿನ ಕೊನೆಯವರೆಗೆ ನಡೆದು ಬರುತ್ತಿದ್ದರು. ನೋವಿನ ಅಂಕ ಏಳರಿಂದ ನಾಲ್ಕಕ್ಕೆ ಇಳಿದಿದೆ, ಕೆಲವು ದಿನ ಐದು. ಲೈಸೆನ್ಸಿನ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ನಾವು ಮಾತನಾಡುತ್ತಿದ್ದಾಗ ಎದುರಿಗೆ ಲಾರಿಯಿಂದ ಮೂಟೆಗಳು ಇಳಿಯುತ್ತಿದ್ದವು. ಐವತ್ತು ಕಿಲೋ ತೂಕದವು. ವಯಸ್ಕ ಪುರುಷನೊಬ್ಬ ಕೈಯಾರೆ ಹೊರುವ ಭಾರ 55 ಕಿಲೋ ಮೀರದಂತೆ ನೋಡಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿದೆ. ಆ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಒಬ್ಬ ಹಮಾಲಿ ಮೂಟೆ ಇಳಿಸಿ, ಸೊಂಟದ ಮೇಲೆ ಎರಡೂ ಕೈಯಿಟ್ಟು ಹಿಂದಕ್ಕೆ ಬಾಗಿ ಒಂದು ಕ್ಷಣ ಕಣ್ಣು ಮುಚ್ಚಿದ. ಮೂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ರಜೆಯೂ ಇಲ್ಲ, ಭತ್ಯೆಯೂ ಇಲ್ಲ. ಇಷ್ಟು ವರ್ಷ ಆ ಮಂಡಿಯ ಹಮಾಲಿ ವೆಚ್ಚದ ವೋಚರುಗಳನ್ನು ತಪಾಸಣೆ ಮಾಡಿ ಸಹಿ ಹಾಕಿದ ನಾನು, ಅವರಲ್ಲಿ ಒಬ್ಬರ ಸೊಂಟದ ಬಗ್ಗೆಯೂ ವಿಚಾರಿಸಿರಲಿಲ್ಲ.

ಮಾಲೀಕರು ನನ್ನ ದೃಷ್ಟಿಯನ್ನು ಗಮನಿಸಿದರೆಂದು ಕಾಣುತ್ತದೆ. ಮುಂದಿನ ತಿಂಗಳು ಯಾರ್ಡಿಗೆ ರಜೆಯಿದ್ದ ದಿನ ಆ ಹೆಣ್ಣುಮಗಳನ್ನು ತಮ್ಮ ಖರ್ಚಿನಲ್ಲಿ ಕರೆಸಿದರು. ಹನ್ನೊಂದು ಮಂದಿ ಬಂದಿದ್ದರು. ಗೋಣಿ ಹಾಸಿ ಮಲಗಿಸಿ ಉಸಿರು ನೋಡಿಕೊಳ್ಳುವುದನ್ನು ಹೇಳಿಕೊಟ್ಟಾಗ ಇಬ್ಬರು ನಿದ್ದೆಹೋದರು. ಹಿರಿಯನೊಬ್ಬ, "ಅಮ್ಮಾ, ಇಷ್ಟೆಲ್ಲಾ ಮಾಡಿದ್ರೆ ಮೂಟೆ ಹೊರೋದು ಬಿಡಬೇಕಾ, ಹೊರಬೌದಾ? ಅದೊಂದು ಹೇಳು" ಎಂದು ಕೇಳಿದ. ಹೊರಬಹುದು, ಆದರೆ ಲಾರಿಯ ಹಲಗೆಯ ಎತ್ತರ ಬದಲಾಗಬೇಕು, ಬಗ್ಗಿ ತಿರುಗಿ ಎತ್ತುವಂತಿರಬಾರದು ಎಂದು ಆಕೆ ಉತ್ತರಿಸಿದಳು. ಹಲಗೆಗೆ ಬಡಗಿಯನ್ನು ಕರೆಸಲಾಗಿದೆ. ಅದರ ಬಿಲ್ಲು ಈ ವರ್ಷದ ದುರಸ್ತಿ ಖಾತೆಯಲ್ಲಿ ಬರುತ್ತದೆ.